ಹದಿಮೂರು ಅಡಿಯ ಬಿದಿರು

ಬೆಳಗಿನ ಐದೂವರೆ. ಲಾಯಿಲದ ಗ್ಯಾರೇಜಿನ ಹಿಂದಿರುವ ಮಣ್ಣಿನ ದಿಣ್ಣೆಗೆ ಲಾರಿಯ ಬೆನ್ನು ತಾಗಿಸಿ ನಿಲ್ಲಿಸಲಾಗಿದೆ. ದಿಣ್ಣೆ, ಲಾರಿಯ ಹಲಗೆ ಎರಡೂ ಒಂದೇ ಎತ್ತರ. ಭತ್ತ ಕೊಯ್ಯುವ ಯಂತ್ರ ತನ್ನ ರಬ್ಬರ್ ಚೈನಿನ ಮೇಲೆ ತೆವಳುತ್ತಾ ಲಾರಿ ಏರುತ್ತಿದೆ.

"ಬರ್ಲಿ, ಬರ್ಲಿ... ಸಾಕು ಮಾರಾಯ! ಮುಂದೆ ನಾನೂ ಕೂತ್ಕೊಳ್ಳಿಕ್ಕೆ ಉಂಟು" ಎಂದು ಕೆಳಗಿನಿಂದ ಕೂಗುವವರು ಲಾರಿ ಓಡಿಸುವ ಐವತ್ತೆಂಟರ ಇದಿನಬ್ಬ. ಯಂತ್ರ ನಡೆಸುವ ಶೇಖರ ನಗುತ್ತಾ ಇಂಜಿನ್ ಆರಿಸುತ್ತಾನೆ. ಅವನ ತಲೆಯ ಮೇಲೆ ಹೊಸ ತಗಡಿನ ಮಾಡು. ನಿನ್ನೆ ಸಂಜೆಯಷ್ಟೇ ವೆಲ್ಡಿಂಗ್ ಆದದ್ದು. "ಒಳ್ಳೆ ನೆರಳಾಯ್ತಲ್ಲ" ಎಂದು ಇದಿನಬ್ಬ ಮೆಚ್ಚುತ್ತಾರೆ.

ಯಂತ್ರ ಊರಿಗೆ ಬಂದ ದಿನ ಅದರ ಮೇಲೆ ಹತ್ತಿ ನಿಂತು ಹಾರ ಹಾಕಿಸಿಕೊಳ್ಳುವವರ ಫೋಟೊ ಪೇಪರಿನಲ್ಲಿ ಬರುತ್ತದೆ. 'ಗದ್ದೆಗೆ ಯಂತ್ರ ಬಂದಿತು' ಎಂದು ಬರೆದು ಮುಗಿಸುತ್ತಾರೆ. ಹೇಗೆ ಬಂದಿತು? ಹಾರಿ ಬಂದಿತೇ? ಮೂವತ್ತೊಂದು ವರ್ಷದಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗದ್ದೆಗಳಿಗೆ ಟಿಲ್ಲರ್, ಟ್ರ್ಯಾಕ್ಟರ್, ಕೊಯ್ಲಿನ ಯಂತ್ರ ಹೊತ್ತು ತಂದವರ ಹೆಸರು ಯಾವ ಪೇಪರಿನಲ್ಲೂ ಇಲ್ಲ. ಅವರಿಗೆ ಸಿಗುವುದು ಹಿಂದಿನ ಕಾರಿನವರ ಹಾರ್ನ್ ಮಾತ್ರ.

ಇದಿನಬ್ಬರ ಕೆಲಸ ಹಿಂದಿನ ಸಂಜೆಯೇ ಶುರುವಾಗುತ್ತದೆ. ಹದಿಮೂರು ಅಡಿಯ ಒಂದು ಒಣ ಬಿದಿರನ್ನು ಪರಿಚಯದ ಜೀಪಿನ ಮೇಲೆ ಕಟ್ಟಿಸಿಕೊಂಡು ಹೋಗಿ, ಒಳರಸ್ತೆ ಸಿಕ್ಕಿದಲ್ಲಿ ಇಳಿದು ಗದ್ದೆಯವರೆಗೆ ನಡೆಯುತ್ತಾರೆ. ಲಾರಿಯ ಹಲಗೆ ನಾಲ್ಕಡಿ ಎತ್ತರ, ಯಂತ್ರ ಒಂಬತ್ತಡಿ. ರಸ್ತೆಗೆ ಅಡ್ಡ ಬಂದ ಪ್ರತಿ ಕರೆಂಟಿನ ವಯರಿನ ಪಕ್ಕ, ತಾಗದ ಹಾಗೆ, ಬಿದಿರು ನಿಲ್ಲಿಸಿ ನೋಡುತ್ತಾರೆ. "ಮದುವೆಗೆ ಹುಡುಗಿ ನೋಡ್ಲಿಕ್ಕೂ ಇವ್ರು ಇಷ್ಟು ಸಲ ಬರ್ಲಿಲ್ಲ" ಎಂದು ಹೆಂಡತಿ ಜುಲೈಕಾ ತಮಾಷೆ ಮಾಡುತ್ತಾರೆ. ಕೊಯ್ಲಿನ ನಲವತ್ತು ದಿನ ದಿನಕ್ಕೆ ಎರಡು ಮೂರು ಟ್ರಿಪ್. ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರ್.

ಇಂದಿನ ಗದ್ದೆ ಕಕ್ಕಿಂಜೆಯ ಸೇಸಮ್ಮನವರದು. ಮೂರು ದಿನದಿಂದ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಮಳೆ. ಪೈರು ಅರ್ಧ ಮಲಗಿದೆ. ಇನ್ನೊಂದು ಮಳೆ ಬಿದ್ದರೆ ಭತ್ತ ತೆನೆಯಲ್ಲೇ ಮೊಳೆಯುತ್ತದೆ. ನಾಳೆ ಯಂತ್ರ ಮೂಡುಬಿದಿರೆಗೆ ಹೋದರೆ ಮರಳುವುದು ಎಂಟು ದಿನ ಬಿಟ್ಟು.

ಗದ್ದೆಗೆ ಇನ್ನು ಮುನ್ನೂರು ಮೀಟರ್ ಇದೆ ಎನ್ನುವಾಗ ಇದಿನಬ್ಬ ಬ್ರೇಕ್ ಒತ್ತುತ್ತಾರೆ. ಮುಂದೆ ಒಂದು ಮನೆಗೆ ಎಳೆದ ವಯರು, ಈ ಒಳರಸ್ತೆಯಲ್ಲಿ ಮೊದಲನೆಯದು. ನಿನ್ನೆ ಬಿದಿರಿನ ತುದಿಯಿಂದ ಒಂದು ಗೇಣು ಮೇಲಿತ್ತು, ಈಗಲೂ ಇದೆ. ಆದರೂ ಇಳಿದು ನೋಡುವುದು ಅವರ ರೂಢಿ. ಬಿದಿರನ್ನು ಲಾರಿಯ ಪಕ್ಕ ನೆಲಕ್ಕೂರಿ ನಿಲ್ಲಿಸುತ್ತಾರೆ. ತಗಡಿನ ಮಾಡು ಬಿದಿರಿಗಿಂತ ಒಂದೂವರೆ ಅಡಿ ಎತ್ತರ!

"ಶೇಖರಾ, ನಿನ್ನ ಟೊಪ್ಪಿ ಬಿಚ್ಚು."

"ವೆಲ್ಡಿಂಗ್ ಅಲ್ವಾ ಇದಿನಬ್ಬಾಕ. ನೀವೇ ಒಳ್ಳೆ ನೆರಳು ಅಂದ್ರಿ."

"ನೆರಳು ನೋಡಿದೆ, ಎತ್ತರ ನೋಡ್ಲಿಲ್ಲ. ನನ್ನದೇ ತಪ್ಪು."

ಅಷ್ಟರಲ್ಲಿ ಸೇಸಮ್ಮ ಓಡಿ ಬಂದಿದ್ದಾರೆ. "ಏನು ಬ್ಯಾರಿಗಳೇ, ಯಂತ್ರ ತೋರಿಸಿ ಹಾಗೇ ತಕೊಂಡು ಹೋಗುವುದಾ?"

"ಸೇಸಮ್ಮಕ್ಕ, ನಿಮ್ಮಲ್ಲಿ ಒಣ ಸೋಗೆ ಎಷ್ಟುಂಟು?"

ಯಾವ ತಿರುವಿನಲ್ಲಿ ಲಾರಿಗೆ ಸಮನಾದ ದಿಣ್ಣೆ ಇದೆ ಎಂಬುದು ಇದಿನಬ್ಬರ ತಲೆಯಲ್ಲೇ ಇದೆ. ಲಾರಿಯನ್ನು ಸ್ವಲ್ಪ ಹಿಂದಕ್ಕೆ ತಂದು ದಿಣ್ಣೆಗೆ ತಾಗಿಸಿ ಯಂತ್ರ ಇಳಿಸುತ್ತಾರೆ. ಇನ್ನು ಅದು ನೆಲದ ಮೇಲೇ ಹೋಗಬೇಕು. ಆದರೆ ಡಾಮರಿನ ಮೇಲೆ ನಡೆಸಿದರೆ ಚೈನ್ ಸವೆಯುತ್ತದೆ. ಆದ್ದರಿಂದ ರಸ್ತೆಗೆ ತೆಂಗಿನ ಸೋಗೆ ಹಾಸುತ್ತಾರೆ. ಯಂತ್ರ ದಾಟಿದ ಸೋಗೆಯನ್ನು ಹಿಂದಿನಿಂದ ಎಳೆದು ತಂದು ಮತ್ತೆ ಮುಂದಕ್ಕೆ. ನೆರೆಮನೆಯವರೂ ಸೇರಿಕೊಳ್ಳುತ್ತಾರೆ. ಹಿಂದೆ ಒಂದು ಕಾರು ಹಾರ್ನ್ ಬಾರಿಸುತ್ತದೆ. "ಇಳಿದು ಒಂದು ಸೋಗೆ ಹಿಡಿಯಿರಿ, ಬೇಗ ಆಗ್ತದೆ!" ಎಂದು ಸೇಸಮ್ಮ ಗದರಿದ ಮೇಲೆ ಹಾರ್ನ್ ನಿಲ್ಲುತ್ತದೆ. ಕಾರಿನವರು ಇಳಿಯುವುದೂ ಇಲ್ಲ. ಅನ್ನ ಉಣ್ಣಲು ಮಾತ್ರ ಎಲ್ಲರೂ ಕೂರುವವರೇ.

ಇಬ್ಬನಿ ಆರುವಷ್ಟರಲ್ಲಿ ಯಂತ್ರ ಗದ್ದೆಯಲ್ಲಿದೆ. ಎರಡೂವರೆಗೆ ಕೊನೆಯ ಮೂಟೆ ಸೇಸಮ್ಮನವರ ಚಾವಡಿ ಸೇರುತ್ತದೆ. ಇಂದು ಮಳೆ ಹತ್ತು ನಿಮಿಷ ತಡ, ಮೂರು ಹತ್ತಕ್ಕೆ ಬರುತ್ತದೆ.

ಮಳೆ ಬಿಟ್ಟ ಮೇಲೆ ಇದಿನಬ್ಬ ಸೇಸಮ್ಮನವರ ಬೇಲಿಯಿಂದ ಹೊಸ ಬಿದಿರು ಕಡಿಯುತ್ತಾರೆ. ಹದಿನಾಲ್ಕೂವರೆ ಅಡಿ ಅಳೆದು, ಮತ್ತೂ ಒಂದಡಿ ಬಿಡುತ್ತಾರೆ.

"ಅದು ಯಾಕೆ?" ಎನ್ನುತ್ತಾರೆ ಸೇಸಮ್ಮ.

"ಮುಂದಿನ ವರ್ಷ ಈ ಶೇಖರ ಮಾಡಿನ ಮೇಲೆ ಫ್ಯಾನ್ ಇಡ್ತಾನೆ."

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಇದಿನಬ್ಬ ಬಿದಿರಿನ ಗೆಣ್ಣು ಕೆತ್ತುತ್ತಲೇ ಹೇಳುತ್ತಾರೆ.

"ಮೂವತ್ತೊಂದು ವರ್ಷದಲ್ಲಿ ನನ್ನ ಲಾರಿಯಿಂದ ಒಂದು ಮನೆಯ ಕರೆಂಟೂ ಹೋಗ್ಲಿಲ್ಲ. ಅದು ಯಾರಿಗೂ ಗೊತ್ತಿಲ್ಲ. ಗೊತ್ತಾಗ್ಬೇಕಾದ್ರೆ ಒಂದು ಸಲ ಹೋಗ್ಬೇಕಲ್ಲ? ಬೇಡ, ಗೊತ್ತಾಗುವುದೇ ಬೇಡ."