ಬೋಗಾದಿಯ ಹುಳುಮನೆಯಲ್ಲಿ ನಾನಾಡಿದ ಸುಳ್ಳು

ಪುಟ್ಟತಾಯಮ್ಮನವರೇ, ನಿಮ್ಮ ಗಂಡನ ಮನೆಯ ರೇಷ್ಮೆಹುಳುಗಳನ್ನು ಕೊಂದವನು ನಾನು. ನೀವಲ್ಲ. ನಿಮ್ಮ ಮೈಲಿಗೆಯೂ ಅಲ್ಲ, ಯಾರ ದೃಷ್ಟಿಯೂ ಅಲ್ಲ — ನನ್ನ ಪಂಪಿನ ಮದ್ದು. ಅದು ನನಗೆ ಆ ದಿನವೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮನೆಯವರೆಲ್ಲರ ಮುಂದೆ ಸುಳ್ಳು ಹೇಳಿದೆ. ಹದಿನೈದು ವರ್ಷ ಅದನ್ನು ಬಾಯಿ ಬಿಡದೆ ನುಂಗಿಕೊಂಡಿದ್ದೆ.

ನನ್ನ ಮುಖ ನಿಮಗೆ ಮರೆತಿರಬಹುದು. ಸ್ವಾತಂತ್ರ್ಯ ಬಂದ ಮೂರೋ ನಾಲ್ಕೋ ವರ್ಷಕ್ಕೆ ನಾನು ಲಷ್ಕರ್ ಮೊಹಲ್ಲಾದ ಒಂದು ಮದ್ದಿನ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಡಿಡಿಟಿ ಆಗ ಹೊಸದು. ಹಿತ್ತಾಳೆಯ ಕೈಪಂಪು, ಸೀಮೆಎಣ್ಣೆಯಲ್ಲಿ ಕಲಸಿದ ಮದ್ದಿನ ಡಬ್ಬ — ಎರಡನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಊರೆಲ್ಲ ಸುತ್ತುತ್ತಿದ್ದೆ. ಅಲ್ಲಿಯವರೆಗೆ ಮೈಸೂರಿನ ಹೆಂಗಸರಿಗೆ ಭಾನುವಾರವೆಂದರೆ ಮಂಚಗಳನ್ನು ಬೀದಿಗೆ ಎಳೆದು, ಸಂದುಸಂದಿಗೆ ಕುದಿಯುವ ನೀರು ಹುಯ್ಯುವ ಕೆಲಸ. ಹುಯ್ದರೂ ತಿಗಣೆ ಸಾಯುತ್ತಿರಲಿಲ್ಲ. ನಾನು ಹೋಗಿ ಬಂದ ಮೇಲೆ ಸಾಯುತ್ತಿತ್ತು! ಅಗ್ರಹಾರದ ಮುದುಕಿಯೊಬ್ಬರು, “ಎಷ್ಟು ವರ್ಷಕ್ಕೆ ನಿದ್ದೆ ಬಂತು ಕಣಪ್ಪ” ಎಂದು ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟಿದ್ದರು. ಹಾಸ್ಟೆಲಿನ ಹುಡುಗರು ‘ತಿಗಣೆ ಡಾಕ್ಟ್ರು’ ಎಂದು ಕರೆಯುತ್ತಿದ್ದರು. ತಮಾಷೆಗೆ ಕರೆದದ್ದು, ನಿಜ. ನನಗೆ ಮಾತ್ರ ಅದು ತಲೆಗೇರಿತು. ಬೆಳಗಿನ ಬಿಸಿಲು, ಹೊಂಗೆ ಮರದ ಸಾಲು, ಸೈಕಲ್ಲಿನ ಗಂಟೆ, ಎದುರು ಬರುವ ಟಾಂಗಾ — ಆ ದಿನಗಳನ್ನು ನೆನೆದರೆ ಇವತ್ತಿಗೂ ಸಂತೋಷವಾಗುತ್ತದೆ. ಹಾಗೆ ಸಂತೋಷಪಡುವುದಕ್ಕೆ ನಾಚಿಕೆಯೂ ಆಗುತ್ತದೆ.

ದಸರಾ ಹತ್ತಿರ ಬಂದಿತ್ತು. ಜಂಬೂಸವಾರಿ ನೋಡಲು ಬರುವ ನೆಂಟರೆಲ್ಲ ನಿಮ್ಮ ಬೋಗಾದಿಯ ಮನೆಯಲ್ಲೇ ಇಳಿದುಕೊಳ್ಳುತ್ತಾರೆ, ಅಷ್ಟರಲ್ಲಿ ತಿಗಣೆ ತೀರಬೇಕು ಎಂದು ನಿಮ್ಮ ಮಾವ ನಿಂಗೇಗೌಡರು ಅಂಗಡಿಗೆ ಬಂದು ಹೇಳಿ ಹೋಗಿದ್ದರು. ಮನೆಯಲ್ಲಿ ರೇಷ್ಮೆ ಸಾಕುತ್ತಾರೆಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಆದರೆ ಅಂಗಡಿಯ ಯಜಮಾನರು ಕೆಲಸಕ್ಕೆ ಸೇರಿದ ದಿನವೇ ನನಗೆ ಹೇಳಿದ್ದರು: “ಎಲ್ಲಿ ಬೇಕಾದ್ರೂ ಹೊಡಿ, ರೇಷ್ಮೆ ಇರೋ ಮನೆಗೆ ಮಾತ್ರ ಕೈ ಹಾಕ್ಬೇಡ.”

ನಾನು ಬಂದಾಗ ಮನೆಯವರೆಲ್ಲ ಹಿಪ್ಪುನೇರಳೆ ಸೊಪ್ಪು ಕುಯ್ಯಲು ಹೊಲಕ್ಕೆ ಹೋಗಿದ್ದರು. ಬಾಗಿಲು ತೆರೆದೇ ಇತ್ತು. ಮಂಚಗಳಿದ್ದ ನಡುಮನೆಗೂ ಹುಳುಮನೆಗೂ ನಡುವೆ ಒಂದು ಬಿದಿರು ತಟ್ಟಿ, ಅಷ್ಟೇ. ತಟ್ಟಿಯಾಚೆ ಹುಳುಗಳು ಸೊಪ್ಪು ತಿನ್ನುವ ಸರಸರ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಪಂಪಿಗೆ ಮದ್ದು ತುಂಬುತ್ತಿದ್ದೆ — ಹಿತ್ತಿಲ ಕಡೆಯಿಂದ ನೀವು ಬಂದು ಹುಳುಮನೆಯ ಬಾಗಿಲ ಬಳಿ, ಹೊರಗೇ ನಿಂತಿರಿ.

“ಅಣ್ಣೋ, ಆ ಮದ್ದು ರೇಸ್ಮೆ ಉಳೀಗೆ ಆಗಾಕಿಲ್ಲ. ನಾನು ಒರಗಾಗಿದ್ದೀನಿ, ಒಳೀಕ್ ಬರಂಗಿಲ್ಲ. ನಮ್ಮೋರು ಬರೋಗಂಟ ತಡ್ಕೊಳ್ಳಿ. ಉಳಿನ್ ತಟ್ಟೆಗಳ್ನ ಪಕ್ಕದ ಮನೆಗೆ ಸಾಗಿಸ್ಬುಡ್ತಾರೆ, ಆಮೇಕೆ ಒಡೀರಿ.”

ಅವತ್ತು ಸಂಜೆ ನಾನು ಹೊಸದಾಗಿ ಮದುವೆಯಾದ ಹೆಂಡತಿಯನ್ನು ದಸರಾ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋಗಬೇಕಿತ್ತು. ಕಾಯಲು ನನಗೆ ಮನಸ್ಸಿರಲಿಲ್ಲ. ಅದರ ಮೇಲೆ, ಹಳ್ಳಿಯ ಹೆಂಗಸೊಬ್ಬಳು ನನಗೆ ನನ್ನ ಕೆಲಸ ಹೇಳಿಕೊಡುವುದೇ ಎಂಬ —

“ತಿಗಣೆ ಮದ್ದು ತಿಗಣೇನ ಮಾತ್ರ ಕೊಲ್ಲೋದು ಕಣಮ್ಮ. ಸುಮ್ನೆ ಅತ್ಲಾಗೆ ಹೋಗಿ” ಎಂದೆ.

ನೀವು ಹೋದಿರಿ. ನಾನು ಹೊಡೆದೆ. ಸಂಜೆ ಅರಮನೆಯ ದೀಪ ನೋಡಿ ನನ್ನ ಹೆಂಡತಿ ಕಣ್ಣರಳಿಸಿದಳು, ಅವಳಿಗೆ ಬಳೆ ಕೊಡಿಸಿದೆ.

ಮರುದಿನ, ಉಳಿದ ಎರಡು ಮಂಚಗಳಿಗೆಂದು ಮತ್ತೆ ಬಂದೆ. ತಟ್ಟೆಗಳೆಲ್ಲ ಅಂಗಳದಲ್ಲಿದ್ದವು. ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟಬೇಕಾದ ಹುಳುಗಳು ತಲೆ ಎತ್ತಿ ಎತ್ತಿ ಒದ್ದಾಡುತ್ತ, ಹಸಿರು ನೀರು ಕಕ್ಕುತ್ತ ಬಿದ್ದಿದ್ದವು. ಮುಕ್ಕಾಲು ಪಾಲು ಆಗಲೇ ಸತ್ತಿದ್ದವು. ನಿಮ್ಮ ಅತ್ತೆ ಎದೆ ಬಡಿದುಕೊಂಡು ಅಳುತ್ತಿದ್ದರು. ನಿಂಗೇಗೌಡರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

“ಇದು ನಿಮ್ ಮದ್ದಿಂದ ಆಯ್ತಾ ಸೋಮಿ? ದಿಟ ಏಳ್ಬುಡಿ.”

ಎಷ್ಟು ಮರ್ಯಾದೆಯಿಂದ ಕೇಳಿದರು! ಹೌದು ಎಂದಿದ್ದರೆ ಬೈಯುತ್ತಿದ್ದರು, ಹೆಚ್ಚೆಂದರೆ ಎರಡೇಟು ಹಾಕುತ್ತಿದ್ದರು, ನನ್ನ ಕೆಲಸ ಹೋಗುತ್ತಿತ್ತು. ಅಷ್ಟೇ.

“ಇಲ್ಲ ಗೌಡ್ರೇ, ಮದ್ದು ತಟ್ಟಿ ದಾಟೋದಿಲ್ಲ” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಮನೇಲಿ ಮೈಲಿಗೆ ಏನಾದ್ರೂ ಆಗಿತ್ತಾ ವಿಚಾರಿಸಿ.”

ಹುಳುಮನೆಗೆ ಮೈಲಿಗೆ ಎಂದರೆ ನಿಮ್ಮವರು ಎಷ್ಟು ಹೆದರುತ್ತಾರೆಂದು ತಿಳಿದೇ ಆ ಮಾತು ಆಡಿದೆ. ಪಕ್ಕದ ಮನೆಯಾಕೆ ತಕ್ಷಣ, “ನೆನ್ನೆ ಪುಟ್ಟತಾಯಿ ಉಳಿನ್ ಮನೆ ಬಾಗ್ಲತ್ರ ನಿಂತಿದ್ಲು, ನಾನೇ ಕಂಡೆ” ಎಂದರು. ನಿಮ್ಮ ಅತ್ತೆಯ ಅಳು ನಿಂತುಹೋಯಿತು. ದೂರದಲ್ಲಿ, ಕೊಟ್ಟಿಗೆಯ ಪಕ್ಕದಲ್ಲಿದ್ದ ನೀವು ಅಲ್ಲಿಂದಲೇ ಹೇಳಿದಿರಿ:

“ಮದ್ದು ಒಡೀಬೇಡಿ ಅನ್ನಕ್ಕೆ ಓಗಿದ್ದೆ ಕಣತ್ತೆ. ಒಳೀಕೆ ಕಾಲಿಟ್ಟಿಲ್ಲ. ಬೇಕಾದ್ರೆ ಆ ಅಣ್ಣನ್ನೇ ಕೇಳಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನಿಮ್ಮ ಗಂಡ ಚೆಲುವೇಗೌಡರೂ. ಅವರ ಮುಖದಲ್ಲಿ, ಹೌದು ಅನ್ನಲಿ ಎಂಬ ಆಸೆ ಇತ್ತು — ಅದು ನನಗೆ ಕಂಡಿತ್ತು.

“ಇಲ್ವಲ್ಲ” ಎಂದೆ. “ನನ್ನ ಹತ್ರ ಯಾರೂ ಬಂದಿರ್ಲಿಲ್ಲ.”

ನನ್ನನ್ನು ಒಂದು ಸಲ ನೋಡಿದಿರಿ. ಸಿಟ್ಟಿನಿಂದಲ್ಲ — ಇಷ್ಟು ಸಲೀಸಾಗಿ ಸುಳ್ಳು ಹೇಳುವವರೂ ಇರುತ್ತಾರೆಯೇ ಎಂಬಂತೆ. ಆಮೇಲೆ ಸೆರಗು ಎಳೆದುಕೊಂಡು ಕೊಟ್ಟಿಗೆಯ ಹಿಂದಕ್ಕೆ ಹೋದಿರಿ.

ಹಬ್ಬ ಮುಗಿಯುವ ಮೊದಲೇ ನಿಮ್ಮನ್ನು ಮಂಡಕಳ್ಳಿಯ ತವರಿಗೆ ಬಿಟ್ಟುಬಂದರೆಂದೂ ವರ್ಷ ತಿರುಗುವುದರೊಳಗೆ ಚೆಲುವೇಗೌಡರಿಗೆ ಇನ್ನೊಂದು ಮದುವೆ ಮಾಡಿದರೆಂದೂ ಬೋಗಾದಿಯವರೊಬ್ಬರ ಬಾಯಿಂದ ಕೇಳಿದೆ. ಕೇಳಿ ಆ ಕೆಲಸವನ್ನೇ ಬಿಟ್ಟೆ ಎಂದು ಬರೆಯಬಹುದಾಗಿತ್ತು. ಬಿಡಲಿಲ್ಲ. ಇನ್ನೂ ಎಂಟು ವರ್ಷ ಅದೇ ಪಂಪು ಹಿಡಿದು ಮನೆಮನೆ ಸುತ್ತಿದೆ, ಕಾಫಿ ಕುಡಿದೆ, ಹೊಗಳಿಸಿಕೊಂಡೆ. ಒಮ್ಮೆ ಮಾರುಕಟ್ಟೆಯ ಹೊರಗೆ ನೀವು ಸೊಪ್ಪಿನ ಕಂತೆ ಮುಂದಿಟ್ಟುಕೊಂಡು ಕೂತಿದ್ದಿರಿ. ತಲೆ ಎತ್ತಿ, “ಏನ್ ಕೊಡ್ಲಣ್ಣ?” ಎಂದಿರಿ. ಗುರುತು ಹತ್ತಿತ್ತೋ ಇಲ್ಲವೋ… ನಾನು ಜನರ ನಡುವೆ ನುಗ್ಗಿ ಓಡಿಹೋದೆ.

ಕಳೆದ ಸೋಮವಾರ ಬೋಗಾದಿಗೆ ಹೋಗಿದ್ದೆ. ನಿಮ್ಮ ಅತ್ತೆ, ಮಾವ ಇಬ್ಬರೂ ತೀರಿಹೋಗಿದ್ದಾರೆ. ಜಗಲಿಯ ಮೇಲೆ ಚೆಲುವೇಗೌಡರೂ ಅವರ ಎರಡನೆಯ ಹೆಂಡತಿಯೂ ಇದ್ದರು. ಇಬ್ಬರ ಮುಂದೆಯೂ ಎಲ್ಲವನ್ನೂ ಹೇಳಿದೆ.

“ಅವ್ಳೂ ಇಂಗೇ ಏಳಿದ್ಲು. ನಾವು ನಿಮ್ಮನ್ನ ನಂಬ್ಬುಟ್ಟೊ” ಎಂದರು ಚೆಲುವೇಗೌಡರು. “ನನ್ ಮುಂದೆ ಏಳಿ ಏನ್ ಬಂತು? ಅವ್ಳ ಊರೋರ ಮುಂದೆ ಏಳಿ, ಓಗಿ.”

ಭಾನುವಾರ ಮಂಡಕಳ್ಳಿಗೆ ಬರುತ್ತೇನೆ. ನಿಮ್ಮ ಅಣ್ಣಂದಿರನ್ನೂ ನೆರೆಹೊರೆಯವರನ್ನೂ ಕರೆಸಿ, ಬೀದಿಯಲ್ಲೇ ನಿಂತು ಈ ಕಾಗದವನ್ನು ಗಟ್ಟಿಯಾಗಿ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಅದನ್ನು ಕೇಳುವ ಯೋಗ್ಯತೆ ನನಗಿಲ್ಲ. ನೀವು ಬಾಗಿಲು ತೆರೆಯದಿದ್ದರೂ ಸರಿಯೇ. ಒಳಗಿನಿಂದ ನಿಮಗೆ ಕೇಳಿಸುವಷ್ಟು ಜೋರಾಗಿ ಓದುತ್ತೇನೆ.