ಎರಡು ಸಲ ಎಳೆದರೆ

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ತೋಟದ ಕೆರೆಗೆ ಇಳಿಯುವವನು ಬಾಳೂರಿನ ಸುತ್ತಮುತ್ತ ನಾನೊಬ್ಬನೇ. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ಕಾಫಿ ಹೂವಿಗೆ ನೀರು ಕೊಡುವ ಹೊತ್ತಿಗೆ ಸರಿಯಾಗಿ, ಪಂಪು ನೀರು ಹೀರುವ ಪೈಪಿನ ತುದಿಯ ಫುಟ್‌ವಾಲ್ವಿಗೆ ಎಲೆ ಕಚ್ಚಿಕೊಳ್ಳುತ್ತದೆ. ಹದಿನೆಂಟು ಅಡಿ ಕೆಸರುನೀರಿನಲ್ಲಿ ಮುಳುಗಿ ಯಾರಾದರೂ ಬಿಡಿಸಬೇಕು. ಕರಾವಳಿಯಲ್ಲಿ ನನಗೆ ಡೈವಿಂಗ್ ಕಲಿಸಿದವರು ಒಬ್ಬನೇ ಇಳಿಯಬೇಡ ಎಂದು ಹತ್ತು ಸಲ ಹೇಳಿ ಕಳಿಸಿದ್ದರು. ಜೊತೆಗೆ ಇಳಿಯುವವರನ್ನು ನಾನು ಎಲ್ಲಿಂದ ತರಲಿ?

ಅದಕ್ಕೇ ಆ ವರ್ಷ, ತಳದಲ್ಲಿದ್ದಾಗ ಗಾಳಿ ಇದ್ದಕ್ಕಿದ್ದಂತೆ ನಿಂತರೆ ಏನು ಮಾಡಬೇಕೆಂದು ಅಭ್ಯಾಸ ಮಾಡಲು ಹೊರಟೆ. ಬೆನ್ನಿಗೆ ದೊಡ್ಡ ಸಿಲಿಂಡರ್, ಪಕ್ಕೆಗೆ ಪುಟ್ಟದೊಂದು. ಪುಟ್ಟದರ ಬಾಯಿಗಿಡುವ ಕೊಳವೆ ಎದೆಯ ಮೇಲೆ ಸೆಣಬಿನ ದಾರದ ಕುಣಿಕೆಯಲ್ಲಿ. ದೊಡ್ಡದರ ತಿರುಪನ್ನು ನಾನೇ ಮುಚ್ಚಬೇಕು, ಪುಟ್ಟದನ್ನು ಬಾಯಿಗಿಡಬೇಕು, ಅಷ್ಟೇ. ಮಂಚದ ಮೇಲೆ ಕಣ್ಣುಮುಚ್ಚಿ ಕೂತು ಒಂದು ವಾರ ತಾಲೀಮು ಮಾಡಿದೆ. ಹೊರನಾಡಿನ ದೇವಸ್ಥಾನಕ್ಕೆ ಹೋದಾಗಲೂ ನನ್ನಲ್ಲಿ ಇಷ್ಟು ಭಕ್ತಿ ಕಂಡಿಲ್ಲ ಎಂದಳು ಹೆಂಡತಿ.

ಸೊಂಟಕ್ಕೊಂದು ಹಗ್ಗ. ಅದರ ಇನ್ನೊಂದು ತುದಿ ದಡದಲ್ಲಿ ನಮ್ಮ ಮೇಸ್ತ್ರಿಯ ಕೈಯಲ್ಲಿ. ಅವರು ಅಪ್ಪನ ಕಾಲದಿಂದ ಮೋಟಾರಿನ ಪಕ್ಕ ಕೂತವರು. ಗುಡ್ಡದ ಮೇಲೆ ಸ್ಪ್ರಿಂಕ್ಲರ್ ಪೈಪು ಬದಲಿಸುವವರು ಒಂದು ಸಲ ‘ಕೂ’ ಎಂದರೆ ಇವರು ಮೋಟಾರ್ ನಿಲ್ಲಿಸುತ್ತಾರೆ, ಎರಡು ಸಲ ಎಂದರೆ ಹಾಕುತ್ತಾರೆ. ಗಿಡಗಳ ನಡುವೆ ಮನುಷ್ಯ ಕಾಣುವುದಿಲ್ಲ, ಕೂಗೇ ಸಾಕು. “ಎರಡು ಸಲ ಎಳೆದ್ರೆ ನನ್ನನ್ನ ಮೇಲಕ್ಕೆ ಎಳೀರಿ” ಎಂದು ಅವರಿಗೆ ಹೇಳಿ ಇಳಿದೆ. ಹೇಳಿದ್ದೆ ಎಂದೇ ಇವತ್ತಿಗೂ ನನ್ನ ನಂಬಿಕೆ.

ಎಲೆ ಬಿಡಿಸಿದ್ದಾಯಿತು. ಕೆಸರೆದ್ದು ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಸರಿ, ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಬೇಕೇ ಎಂದುಕೊಂಡು ತಿರುಪು ಮುಚ್ಚಿದೆ. ಎರಡು ಉಸಿರಿಗೆ ಗಾಳಿ ನಿಂತಿತು. ಎದೆ ಮುಟ್ಟಿ ನೋಡಿದರೆ ಕುಣಿಕೆ ಇದೆ, ಕೊಳವೆ ಇಲ್ಲ. ಎಲ್ಲಿ ಹೋಯಿತು? ಬೆನ್ನ ಹಿಂದೆ ಕೈಹಾಕಿ ತಿರುಪು ತಿರುಗಿಸಿದೆ, ಗಾಳಿ ಬರಲಿಲ್ಲ. ಮುಚ್ಚಿದ್ದು ಎಡಕ್ಕೋ ಬಲಕ್ಕೋ ಮರೆತೇಹೋಗಿತ್ತು. ಮೇಲೆ ಯಾವ ಕಡೆ, ಕೆಳಗೆ ಯಾವ ಕಡೆ ಎಂಬುದೂ ತಿಳಿಯಲಿಲ್ಲ. ಮುಳುಗಲೆಂದು ಸೊಂಟಕ್ಕೆ ಕಟ್ಟಿದ್ದ ಸೀಸದ ಪಟ್ಟಿ ಬಿಚ್ಚಿ ಬಿಟ್ಟಿದ್ದರೆ ತಾನಾಗಿ ತೇಲುತ್ತಿದ್ದೆ. ಅದು ನೆನಪಾದದ್ದು ಮನೆಗೆ ಬಂದು ಊಟಕ್ಕೆ ಕೂತಾಗ. ನೀರಿನಡಿಯಲ್ಲಿ ಆಗ ವಿಪರೀತ ಹೆದರಿಕೆಯಾಯಿತು. ಹಗ್ಗವನ್ನು ಎರಡು ಸಲ ಜಗ್ಗಿದೆ.

ಹಗ್ಗ ಅಲುಗಲಿಲ್ಲ. ಬದಲಿಗೆ ನೀರೆಲ್ಲ ಗುಂಯ್ ಎಂದಿತು. ಮೇಸ್ತ್ರಿ ಮೋಟಾರ್ ಹಾಕಿದ್ದರು.

ಕಾಲಿನ ಹತ್ತಿರ ನೀರು ಎಳೆಯತೊಡಗಿತು. ಸದ್ದು ಬಂದ ಕಡೆ ಕೈ ಚಾಚಿದಾಗ ಪೈಪು ತಾಗಿತು, ಅದುರುತ್ತಿತ್ತು. ಈ ಪೈಪು ಹೋಗುವುದು ದಡಕ್ಕೆ ಎಂಬುದೊಂದೇ ಆಗ ತಲೆಗೆ ಹೊಳೆದದ್ದು. ಎಳೆಯುವ ನೀರಿಗೆ ಬೆನ್ನು ಹಾಕಿ, ಪೈಪನ್ನು ತಬ್ಬಿಕೊಂಡು ತೆವಳಿದೆ. ತಲೆ ನೀರಿನಿಂದ ಹೊರಗೆ ಬಂದಾಗ ಮೇಸ್ತ್ರಿ ಗುಡ್ಡದ ಕಡೆ ನೋಡುತ್ತಿದ್ದರು.

“ನೀರು ಚೆನ್ನಾಗಿ ಬರ್ತಿದೆ ಅಯ್ಯಾ” ಎಂದರು.

ಬೈಯಲು ಬಾಯಿ ತೆರೆದೆ, ಬಂದದ್ದು ಕೆಮ್ಮು. ಕಾಣೆಯಾದ ಕೊಳವೆ ಪಕ್ಕೆಯ ಹಿಂದೆ ನೇತಾಡುತ್ತಿತ್ತು. ಅವರು ಮೋಟಾರ್ ಹಾಕದಿದ್ದರೆ ನನಗೆ ಪೈಪು ಸಿಗುತ್ತಿರಲಿಲ್ಲ. ಹಗ್ಗ ಎಳೆದಿದ್ದರೆ ಪೈಪು ಬೇಕಾಗಿಯೇ ಇರಲಿಲ್ಲ. ಈ ಮನುಷ್ಯನಿಗೆ ಬೈಯಬೇಕೋ ಕೈಮುಗಿಯಬೇಕೋ ಗೊತ್ತಾಗದೆ ದಡದಲ್ಲಿ ಕೂತೆ. ಅದು ನನಗೆ ಇನ್ನೂ ಗೊತ್ತಾಗಿಲ್ಲ.

ಮರುವರ್ಷ ಇಳಿಯುವ ಮೊದಲು ಕೇಳಿದೆ: “ಎರಡು ಸಲ ಎಳೆದ್ರೆ ಏನ್ಮಾಡ್ತೀರಿ?”

“ಮೋಟಾರ್ ಹಾಕ್ತೀನಿ.”

“ಒಂದು ಸಲ ಎಳೆದ್ರೆ?”

“ನಿಲ್ಲಿಸ್ತೀನಿ.” ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳುತ್ತ, ಸ್ವಲ್ಪ ಬೇಸರದಲ್ಲೇ ಹೇಳಿದರು: “ನಿಮ್ಮನ್ನ ಎಳೆಯೋದು ಯಾವಾಗ ಅಂತ ನೀವು ಹೇಳ್ಲೇ ಇಲ್ವಲ್ಲ ಅಯ್ಯಾ. ಹೋದ ವರ್ಷದಿಂದ ಕೇಳ್ಬೇಕು ಅಂತಿದ್ದೆ.”