ವತ್ಸಲಾ ಅವರ ತಮಾಷೆ

ವತ್ಸಲಾ ಗೇಟಿಗೆ ಒರಗಿ ನಿಂತು ಮಾತು ಶುರು ಮಾಡಿದರೆ ಯಡಿಯೂರಿನ ನಮ್ಮ ರಸ್ತೆಯ ಅರ್ಧ ಹೆಂಗಸರು ಒಲೆ ಆರಿಸಿ ಬರುತ್ತಿದ್ದರು. ಅಷ್ಟು ನಗಿಸುತ್ತಿದ್ದರು. ಯಾರನ್ನೂ ನೋಯಿಸದ ಹಾಸ್ಯ ಎಂದು ನಾವೆಲ್ಲ ಮೆಚ್ಚಿಕೊಳ್ಳುತ್ತಿದ್ದೆವು, ಏಕೆಂದರೆ ಅವರು ಆಡಿಕೊಳ್ಳುತ್ತಿದ್ದುದು ಸ್ವಂತ ಮಗಳನ್ನು ಮಾತ್ರ. ದೀಪಾ ಆಗ ಏಳನೇ ಕ್ಲಾಸು.

ಹುಡುಗಿ ಸ್ಕೂಲಿನಿಂದ ಬಂದರೆ, "ದಾರಿ ಬಿಡ್ರೀ, ನಮ್ಮನೆ ರೋಡ್ ರೋಲರ್ ಬಂತು" ಎನ್ನುವರು. ಅವಳ ಮುಖ ಸಣ್ಣದಾದರೆ, "ತಮಾಷೆ ಕಣೇ. ನಿನ್ನ ಒಂದು ದಿನ ಆದ್ರೂ ಹೊಡ್ದಿದೀನಾ?" ನಿಜ, ಹೊಡೆದಿರಲಿಲ್ಲ. ಆ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು.

ದಸರೆಯಲ್ಲಿ ಗೊಂಬೆ ನೋಡಲು ಬಂದವರಿಗೆ ಉಸ್ಲಿ ಕೊಡುವ ಮೊದಲು ಮನೆಯ ಹುಡುಗಿ ಒಂದು ಹಾಡು ಹೇಳುವುದು ನಮ್ಮಲ್ಲಿ ವಾಡಿಕೆ. ಆ ವರ್ಷ ದೀಪಾ ಕಣ್ಣು ಮುಚ್ಚಿ ದೇವರನಾಮ ಶುರು ಮಾಡಿದಳು. ಮೇಲಿನ ಸ್ವರಕ್ಕೆ ಹೋಗುವಾಗ ದನಿ ಒಡೆಯಿತು. ವತ್ಸಲಾ ಪಟ್ಟದ ಗೊಂಬೆಗಳ ಕಿವಿ ಮುಚ್ಚಿ, "ಪಾಪ, ಇವಕ್ಕೆ ಎದ್ದು ಹೋಗೋಕೂ ಆಗಲ್ಲ" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಗದೆ ಕೂತವರು, ಮಹಡಿ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಹುಬ್ಬಳ್ಳಿಯ ಶಾಂತಕ್ಕ. "ಇದರಾಗ ನಗೂದೇನೈತ್ರೀ?" ಎಂದು ಕೇಳಿಯೇಬಿಟ್ಟರು. ವತ್ಸಲಾ ಅವರಿಗೆ ಕನಿಕರ ಬಂತು. ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದರು: "ಅಂದ್ರೆ ನೋಡಿ, ಇವಳಿಗೆ ಹಾಡೋಕೆ ಬರಲ್ಲ. ನೋಡೋಕೂ ಸುಮಾರು. ಓದೋದ್ರಲ್ಲಿ ಅಷ್ಟಕ್ಕಷ್ಟೇ. ಅದಕ್ಕೇ ನಗು."

ಬಿಡಿಸಿ ಹೇಳಿದ ಮೇಲೆ ಯಾರಿಗೂ ನಗು ಬರಲಿಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಶಾಂತಕ್ಕ ನನಗೆ ಹೇಳಿದರು: "ಆ ಹುಡುಗಿ ಇದನ್ನೆಲ್ಲಾ ಖರೇ ಅಂತ ನಂಬೂಕಿಂತ ಮೊದಲ ಅವರವ್ವಗ ಯಾರರ ಹೇಳ್ರಿ."

ಮಾರನೆಯ ದಿನ ನಾನೇ ಹೋಗಿ ಹೇಳಿದೆ. "ಮಗು ಗಟ್ಟಿ ಆಗ್ಲಿ ಅಂತ ರೀ. ನಾಳೆ ಪ್ರಪಂಚ ಇವಳನ್ನ ಮುದ್ದು ಮಾಡತ್ತಾ?" ಎಂದರು ವತ್ಸಲಾ. ಈ ರಸ್ತೆಯ ಜನಕ್ಕೆ ತಮಾಷೆ ಅರ್ಥವಾಗುವುದಿಲ್ಲ ಎಂದು ಬೇಸಿಗೆ ರಜೆಯಲ್ಲಿ ಜೆ.ಪಿ. ನಗರಕ್ಕೆ ಮನೆ ಬದಲಾಯಿಸಿದರು. ಸಂಜೆ ಹೊತ್ತು ರಸ್ತೆ ಬಿಕೋ ಎನ್ನುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಕೊನೆಯ ಸಲ ಅವರು ಸಿಕ್ಕಿದ್ದು ಜಯನಗರ ನಾಲ್ಕನೇ ಬ್ಲಾಕಿನ ಹೂವಿನಂಗಡಿಯ ಮುಂದೆ. ದೀಪಾ ಜೊತೆಗಿದ್ದಳು. ಉದ್ದವಾಗಿದ್ದಳು, ಲಕ್ಷಣವಾಗಿದ್ದಳು. "ಎಷ್ಟು ಚೆನ್ನಾಗಿ ಕಾಣ್ತಿದೀಯ ಪುಟ್ಟೀ" ಎಂದೆ. ಮನಸಾರೆ ಹೇಳಿದ ಮಾತು.

ವತ್ಸಲಾ ಬಾಯಿ ತೆರೆಯುವಷ್ಟರಲ್ಲಿ ದೀಪಾಳೇ ಹೇಳಿದಳು: "ನಿಮ್ಮ ಕನ್ನಡಕದ ನಂಬರ್ ಜಾಸ್ತಿ ಆಗಿರ್ಬೇಕು ಆಂಟಿ, ಒಂದ್ಸಲ ತೋರಿಸ್ಕೊಳ್ಳಿ."

ವತ್ಸಲಾ ಮಗಳ ಬೆನ್ನು ತಟ್ಟಿದರು. "ನೋಡಿದ್ರಾ, ಥೇಟ್ ನನ್ನ ಮಗಳು."